ಕರಿಮಲೆಯ ನಾಡಿನಲ್ಲಿ ಹತ್ತು ದಿನ

ಕೋಶ ಓದು, ದೇಶ ಸುತ್ತು ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಒಂದೇ ರಜೆಯಲ್ಲಿ ಎಷ್ಟು ದೇಶಗಳನ್ನು ಸುತ್ತಬೇಕೆಂಬುದನ್ನು ಮಾತ್ರ ಅವರು ಹೇಳದೆ ಹೋದರು. ಈ ಕೊರತೆಯನ್ನು ಇಂದಿನ ಪ್ರವಾಸ ಸಂಸ್ಥೆಗಳು ತುಂಬಿಕೊಟ್ಟಿವೆ. ನಾವು ಯುರೋಪಿಗೆ ಹೋಗಬೇಕೆಂದು ಮನಸ್ಸು ಮಾಡಿದಾಗ ಅಂತಹ ಒಂದು ಸಂಸ್ಥೆಯವರು ನಮ್ಮ ಕೈಗಿತ್ತ ಬಣ್ಣದ ಹಾಳೆಯ ಮೇಲೆ ‘ಹತ್ತು ದಿನ, ಆರು ದೇಶ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬೆಳಿಗ್ಗೆ ಒಂದು ರಾಜಧಾನಿಯಲ್ಲಿ ಉಪಾಹಾರ, ಸಂಜೆ ಇನ್ನೊಂದರಲ್ಲಿ ಊಟ, ನಡುವೆ ಬಸ್ಸಿನ ಕಿಟಕಿ.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಆ ಹಾಳೆಯನ್ನು ಓದಿ ಹೇಳಿದೆ. ಅವ್ವ ಕೊನೆಯವರೆಗೆ ಕೇಳಿ, “ತಮ್ಮಾ, ಆರು ದೇಶದ ಬಸ್ ಸ್ಟ್ಯಾಂಡ್ ನೋಡಲಿಕ್ಕೆ ಅಷ್ಟು ದೂರ ಯಾಕ ಹೋಗಬೇಕೋ? ಹುಬ್ಬಳ್ಳಿಗೆ ಹೋದರ ಸಾಕಲ್ಲ?” ಎಂದಳು.

ಈ ಮಾತನ್ನು ನಾನು ನಕ್ಕು ಮರೆಯುವಂತಿರಲಿಲ್ಲ. ಎಪ್ಪತ್ತೊಂದು ವಯಸ್ಸಿನ ಅವ್ವನಿಗೆ ಗ್ಲಾಕೋಮ ಎಂಬ ಕಣ್ಣಿನ ಒತ್ತಡದ ಬೇನೆ. ಈ ರೋಗದಲ್ಲಿ ದೃಷ್ಟಿಯು ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ. ಕಳೆದುಹೋದುದು ಮರಳುವುದಿಲ್ಲ, ಔಷಧದಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಅವ್ವ, ಬಿಡುವಿನಲ್ಲೆಲ್ಲ ಕಸೂತಿ ಹಾಕಿದವಳು. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ತುಳಸಿ ಕಟ್ಟೆಗಳನ್ನು ಎಳೆ ಎಣಿಸಿ ಮೂಡಿಸಿದ ಕಣ್ಣುಗಳು ಅವು. ಕಳೆದ ಎರಡು ವರ್ಷಗಳಿಂದ ಸೂಜಿಯನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟಿದ್ದಳು. ತನ್ನ ಠೇವಣಿಯೊಂದನ್ನು ಮುರಿಸಿ ಹಣ ತಂದು ನನ್ನ ಮುಂದಿಟ್ಟು, “ಕಾಣಸೋದರೊಳಗ ಒಂದು ಸಲ ಸಮುದ್ರದಾಚೆ ನೋಡಿ ಬರೋಣು” ಎಂದು ಮಾತು ತೆಗೆದವಳೇ ಅವಳು. ಹೀಗಾಗಿ ನಮ್ಮ ಪ್ರವಾಸದ ಯೋಜನೆಗೆ ಒಂದು ನಿಯಮ ತಾನಾಗಿಯೇ ಒದಗಿತು: ಕಡಿಮೆ ಸ್ಥಳ, ಹೆಚ್ಚು ಹೊತ್ತು, ಬೆಳಕಿರುವಾಗ, ಹತ್ತಿರದಿಂದ.

ಭೂಪಟದ ಮೇಲೆ ಬೆರಳಾಡಿಸುತ್ತ ಹೋದ ಮಗಳು ಕೊನೆಗೆ ಒಂದು ಪುಟ್ಟ ದೇಶದ ಮೇಲೆ ಬೆರಳಿಟ್ಟಳು. ಅದೇ ಮಾಂಟೆನೀಗ್ರೊ.

ಬೆಳಗಾವಿ ಜಿಲ್ಲೆಯಷ್ಟು ದೇಶ

ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ, ಇಟಲಿಗೆ ಎದುರಾಗಿ, ಕ್ರೊಯೇಷಿಯ ಮತ್ತು ಆಲ್ಬೇನಿಯಗಳ ನಡುವೆ ಈ ದೇಶವಿದೆ. ವಿಸ್ತೀರ್ಣ 13,812 ಚದರ ಕಿಲೋಮೀಟರ್. ಎಂದರೆ ಹೆಚ್ಚು ಕಡಿಮೆ ನಮ್ಮ ಬೆಳಗಾವಿ ಜಿಲ್ಲೆಯಷ್ಟು. ಜನಸಂಖ್ಯೆ ಸುಮಾರು 6.2 ಲಕ್ಷ; ಮೈಸೂರು ನಗರವೊಂದರಲ್ಲೇ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಸಮುದ್ರ ತೀರದ ಉದ್ದ 293 ಕಿಲೋಮೀಟರ್. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಗಿಂತ ತುಸು ಕಡಿಮೆ. ಕರಾವಳಿಯ ಬೆನ್ನಿಗೇ ಘಟ್ಟಗಳು ಎದ್ದು ನಿಂತಿರುವುದರಲ್ಲಿಯೂ ಆ ನಾಡು ನಮ್ಮ ಕನ್ನಡ ಜಿಲ್ಲೆಗಳನ್ನು ಹೋಲುತ್ತದೆ.

ಮಾಂಟೆನೀಗ್ರೊ ಎಂಬುದು ವೆನಿಸ್ಸಿನವರು ಇಟ್ಟ ಹೆಸರು. ಅಲ್ಲಿನ ಜನರು ತಮ್ಮ ನಾಡನ್ನು ‘ತ್ಸರ್ನಾ ಗೋರಾ’ ಎನ್ನುತ್ತಾರೆ. ಎರಡರ ಅರ್ಥವೂ ಕಪ್ಪು ಬೆಟ್ಟ ಎಂದೇ. ಕನ್ನಡದಲ್ಲಿ ಕರಿಮಲೆ ಎನ್ನೋಣ. 1878ರಲ್ಲಿ ಬರ್ಲಿನ್ ಸಮಾವೇಶದಲ್ಲಿ ಸ್ವತಂತ್ರ ರಾಷ್ಟ್ರವೆಂಬ ಮನ್ನಣೆ ಪಡೆದು, 1910ರಲ್ಲಿ ರಾಜ್ಯವೆನಿಸಿ, 1918ರಲ್ಲಿ ಸರ್ಬಿಯದೊಡನೆ ಕೂಡಿಕೊಂಡು, ಅನಂತರ ಯುಗೋಸ್ಲಾವಿಯದ ಅಂಗವಾಗಿದ್ದ ಈ ನಾಡು, 2006ರ ಜನಮತಗಣನೆಯ ಬಳಿಕ ಮತ್ತೆ ಸ್ವತಂತ್ರವಾಯಿತು. ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲದಿದ್ದರೂ ಅಲ್ಲಿ ನಡೆಯುವ ನಾಣ್ಯ ಯೂರೋ.

ದೇಶ ಚಿಕ್ಕದು, ಆದ್ದರಿಂದ ಎರಡು ದಿನ ಸಾಕು ಎಂದು ಭಾವಿಸುವುದೇ ಯೋಜನೆ ಹಾಕುವವರು ಮಾಡುವ ಮೊದಲ ತಪ್ಪು. ನಕ್ಷೆಯಲ್ಲಿ ಒಂದು ಗೇಣಿಲ್ಲದ ದಾರಿ ಬೆಟ್ಟದ ಮೇಲೆ ಹಾವಿನಂತೆ ಸುತ್ತಿ ಮೂರು ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿ ದೂರವನ್ನು ಕಿಲೋಮೀಟರುಗಳಿಂದಲ್ಲ, ತಿರುವುಗಳಿಂದ ಅಳೆಯಬೇಕು.

ಯಾವಾಗ ಹೋಗಬೇಕು?

ನಮ್ಮ ಮಳೆಗಾಲ ಅವರ ಬೇಸಿಗೆ. ನಮ್ಮ ಚಳಿಗಾಲ ಅವರ ಮಳೆಗಾಲ. ಕೊತೊರ್ ಕೊಲ್ಲಿಯ ಮೇಲಿನ ಬೆಟ್ಟದಲ್ಲಿ ತ್ಸರ್ಕ್ವಿತ್ಸೆ ಎಂಬ ಹಳ್ಳಿಯೊಂದಿದೆ. ವರ್ಷಕ್ಕೆ ಸರಾಸರಿ ನಾಲ್ಕೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಅದನ್ನು ಯುರೋಪಿನ ಅತ್ಯಂತ ಹೆಚ್ಚು ಮಳೆಯ ಊರೆನ್ನುತ್ತಾರೆ. ಆಗುಂಬೆಯವರಿಗೆ ಇದು ದೊಡ್ಡ ಮಾತಲ್ಲದಿರಬಹುದು. ಆದರೆ ಅಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ನವೆಂಬರಿನ ಆಸುಪಾಸಿನ ತಿಂಗಳುಗಳಲ್ಲಿ ಎಂಬುದನ್ನು ನಾವು ನೆನಪಿಡಬೇಕು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉರಿಬಿಸಿಲು, ಜನಜಂಗುಳಿ, ಏರಿದ ಬಾಡಿಗೆ. ಚಳಿಗಾಲದಲ್ಲಿ ಉತ್ತರದ ಬೆಟ್ಟಗಳ ಮೇಲೆ ಹಿಮ.

ಉಳಿದದ್ದು ಮೇ-ಜೂನ್ ಮತ್ತು ಸೆಪ್ಟೆಂಬರ್. ಮಕ್ಕಳಿರುವ ನಮ್ಮ ಸಂಸಾರಗಳಿಗೆ ಇದು ಅನುಕೂಲವೇ ಆಯಿತು; ಒಂದು ನಮ್ಮ ಬೇಸಿಗೆಯ ರಜೆಗೆ ಹೊಂದುತ್ತದೆ, ಇನ್ನೊಂದು ಎಷ್ಟೋ ವರ್ಷ ದಸರೆಯ ರಜೆಗೆ ಹತ್ತಿರವಾಗುತ್ತದೆ. ಮೇ ತಿಂಗಳಲ್ಲಿ ಎತ್ತರದ ಬೆಟ್ಟದ ದಾರಿಗಳಲ್ಲಿ ಹಿಮ ಇನ್ನೂ ಕರಗದಿರುವುದುಂಟು. ನಾವು ಸೆಪ್ಟೆಂಬರ್ ತಿಂಗಳನ್ನು ಆರಿಸಿಕೊಂಡೆವು. ಸಮುದ್ರ ಬೆಚ್ಚಗಿತ್ತು, ಅಂಜೂರ ಹಣ್ಣಾಗಿತ್ತು, ದಾಳಿಂಬೆ ಕೆಂಪೇರುತ್ತಿತ್ತು.

ಕಾಗದ ಪತ್ರಗಳ ವಿಷಯ

ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಇಸ್ತಾಂಬುಲ್ ಮೂಲಕ ರಾಜಧಾನಿ ಪೊದ್ಗೋರಿತ್ಸಕ್ಕೆ ಹೋಗುವುದು ಒಂದು ದಾರಿ. ನೆರೆಯ ಕ್ರೊಯೇಷಿಯದ ದುಬ್ರೊವ್ನಿಕ್ ನಗರಕ್ಕೆ ಹೋಗಿ ಗಡಿ ದಾಟುವುದು ಇನ್ನೊಂದು. ನಾನು ಮೊದಲು ಎರಡನೆಯ ದಾರಿಯನ್ನೇ ಗುರುತು ಹಾಕಿಕೊಂಡಿದ್ದೆ. ಒಂದು ಪೇಚಿಗೆ ಸಿಕ್ಕಿಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕ್ರೊಯೇಷಿಯವು 2023ರ ಜನವರಿಯಿಂದ ಷೆಂಗೆನ್ ವಲಯಕ್ಕೆ ಸೇರಿದೆ, ಮಾಂಟೆನೀಗ್ರೊ ಸೇರಿಲ್ಲ. ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದು ದುಬ್ರೊವ್ನಿಕ್ಕಿಗೆ ಇಳಿದು ಈ ಕಡೆ ದಾಟಿದವರು ಅದೇ ವೀಸಾದ ಮೇಲೆ ಮರಳಿ ಆ ಕಡೆ ಹೋಗುವಂತಿಲ್ಲ. ಹಿಂದಿರುಗುವ ವಿಮಾನ ಆಚೆ, ಪ್ರಯಾಣಿಕರು ಈಚೆ!

ಭಾರತೀಯರಿಗೆ ಮಾಂಟೆನೀಗ್ರೊ ಪ್ರವೇಶಕ್ಕೆ ವೀಸಾ ಬೇಕು. ಆದರೆ ಷೆಂಗೆನ್, ಬ್ರಿಟನ್ ಅಥವಾ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಉಳ್ಳವರಿಗೆ ಮೂವತ್ತು ದಿನಗಳವರೆಗೆ ಪ್ರವೇಶ ಕೊಡುವ ಪದ್ಧತಿಯಿದೆ. ಇಂತಹ ನಿಯಮಗಳು ಬದಲಾಗುವುದು ಸಹಜವಾದ್ದರಿಂದ, ಟಿಕೀಟು ಕೊಳ್ಳುವ ಮೊದಲು ಆ ಸರಕಾರದ ಅಧಿಕೃತ ಪ್ರಕಟಣೆಯನ್ನೇ ನೋಡಬೇಕು. ನೆಂಟರ ಮಾತನ್ನಲ್ಲ, ಈ ಲೇಖನವನ್ನೂ ಅಲ್ಲ.

ಇನ್ನೊಂದು ಸಂಗತಿ. ದೇಶದೊಳಗೆ ಕಾಲಿಟ್ಟ ಪ್ರವಾಸಿಯು ತನ್ನ ವಾಸದ ಸ್ಥಳವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ನೋಂದಾಯಿಸಬೇಕು. ಹೋಟೆಲಿನಲ್ಲಿ ಇಳಿದವರಿಗೆ ಹೋಟೆಲಿನವರೇ ಮಾಡಿಕೊಡುತ್ತಾರೆ. ಮನೆ ಬಾಡಿಗೆಗೆ ಹಿಡಿದವರು ಯಜಮಾನರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಮನೆಯಲ್ಲಿ ವೃದ್ಧರಿದ್ದರೆ ಅವರ ಔಷಧಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇರಲಿ. ಅವ್ವನ ಕಣ್ಣಿನ ಹನಿಗಳನ್ನು ಎರಡು ಸೀಸೆಗಳಲ್ಲಿ ಬೇರೆ ಬೇರೆ ಚೀಲಗಳಲ್ಲಿ ಇಟ್ಟುಕೊಂಡೆವು. ಗಡಿಯಾರದ ಮುಳ್ಳು ಮೂರೂವರೆ ಗಂಟೆ ಹಿಂದೆ ಸರಿದಾಗ ಹನಿ ಹಾಕುವ ವೇಳೆ ತಪ್ಪದಂತೆ ನನ್ನ ಮನೆಯವರು ಮೊದಲೇ ಒಂದು ಪಟ್ಟಿ ಬರೆದಿಟ್ಟಿದ್ದರು. ಇಡೀ ಪ್ರವಾಸದಲ್ಲಿ ಅತ್ಯಂತ ಉಪಯುಕ್ತವಾದ ಕಾಗದ ಅದೇ.

ಮೂರು ಬಿಡಾರಗಳು

ದಿನಕ್ಕೊಂದು ಊರಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವುದಕ್ಕಿಂತ ಮೂರು ಕಡೆ ಬಿಡಾರ ಹೂಡಿ ಅಲ್ಲಿಂದ ಸುತ್ತುವುದು ಲೇಸೆಂದು ನಿಶ್ಚಯಿಸಿದೆವು. ಕೊತೊರ್ ಕೊಲ್ಲಿಯಲ್ಲಿ ನಾಲ್ಕು ರಾತ್ರಿ, ಹಳೆಯ ರಾಜಧಾನಿ ತ್ಸೆತಿನ್ಯೆಯಲ್ಲಿ ಎರಡು, ಉತ್ತರದ ಬೆಟ್ಟಗಳಲ್ಲಿ ಮೂರು, ವಿಮಾನ ಹತ್ತುವ ಮುನ್ನ ಪೊದ್ಗೋರಿತ್ಸದಲ್ಲಿ ಒಂದು. ಹೋದ ದಾರಿಯಲ್ಲೇ ಹಿಂದಿರುಗದೆ ಒಂದು ಸುತ್ತು ಪೂರ್ತಿಯಾಗುವಂತಹ ಏರ್ಪಾಡು ಇದು. ಊರಿಂದೂರಿಗೆ ಬಸ್ಸುಗಳಿವೆ, ನಾಲ್ವರಿದ್ದರೆ ಕೆಲವು ದಿನಗಳ ಮಟ್ಟಿಗೆ ಟ್ಯಾಕ್ಸಿ ಹಿಡಿಯುವುದು ಹೊರೆಯಾಗದು. ತಾವೇ ಕಾರು ನಡೆಸುವವರು ಅಲ್ಲಿ ರಸ್ತೆಯ ಬಲಗಡೆ ಚಲಿಸಬೇಕೆಂಬುದನ್ನು ಮರೆಯಬಾರದು.

ಕೊತೊರ್ ಕೊಲ್ಲಿಯನ್ನು ಜನರು ಯುರೋಪಿನ ದಕ್ಷಿಣ ತುದಿಯ ಫಿಯರ್ಡ್ ಎನ್ನುವುದುಂಟು. ನಿಜವಾಗಿ ಅದು ಹಿಮನದಿ ಕೊರೆದ ಕಣಿವೆಯಲ್ಲ. ಸಮುದ್ರದಲ್ಲಿ ಮುಳುಗಿದ ನದಿಯ ಕಣಿವೆ. ನೀರಿನ ಅಂಚಿನಿಂದಲೇ ಬೆಟ್ಟಗಳು ಗೋಡೆಯಂತೆ ಏಳುತ್ತವೆ. 1420ರಿಂದ 1797ರವರೆಗೆ ವೆನಿಸ್ಸಿನ ಆಳ್ವಿಕೆಯಲ್ಲಿದ್ದ ಕೊತೊರ್ ಪಟ್ಟಣವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ ಕೋಟೆ ಸುತ್ತುವರಿದಿದೆ. 1166ರಲ್ಲಿ ಪ್ರತಿಷ್ಠಾಪಿತವಾದ ಸಂತ ಟ್ರಿಫನ್ನರ ದೊಡ್ಡ ಚರ್ಚು ಇಲ್ಲಿದೆ. 1979ರ ಏಪ್ರಿಲ್ 15ರಂದು ಭೀಕರ ಭೂಕಂಪವಾಗಿ ಈ ಕರಾವಳಿಯಲ್ಲಿ ನೂರರಷ್ಟು ಜನ ಸತ್ತರು, ಕೊತೊರ್ ಪಟ್ಟಣ ಜರ್ಜರಿತವಾಯಿತು. ಅದೇ ವರ್ಷ ಯುನೆಸ್ಕೊ ಈ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ನಾವು ಕಾಣುವ ಕಲ್ಲಿನ ಬೀದಿಗಳು ತಾಳ್ಮೆಯಿಂದ ಮತ್ತೆ ಜೋಡಿಸಿದವು.

ಕೋಟೆಯ ನೆತ್ತಿಗೆ ಸುಮಾರು 1,350 ಮೆಟ್ಟಿಲುಗಳು. ಮಗಳೂ ನಾನೂ ಸೂರ್ಯೋದಯಕ್ಕೆ ಮುನ್ನ ಹತ್ತಿದೆವು. ನಾವು ಇಳಿದು ಬರುವಷ್ಟರಲ್ಲಿ ಅವ್ವ ಕೆಳಗಿನ ಚೌಕದಲ್ಲಿ ಕುಳಿತು ಕೊತೊರಿನ ಪ್ರಸಿದ್ಧ ಬೆಕ್ಕುಗಳಲ್ಲಿ ಮೂರನ್ನು ಪರಿಚಯ ಮಾಡಿಕೊಂಡಿದ್ದಳು. ಓದುಗರಿಗೆ ಒಂದು ಸೂಚನೆ: ದೊಡ್ಡ ಪ್ರವಾಸಿ ಹಡಗುಗಳು ಲಂಗರು ಹಾಕಿದ ದಿನ ಈ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೆ ಸಂಜೆಯ ಮೇಲೆ ಪಟ್ಟಣವನ್ನು ನೋಡಿ, ನಡುಹಗಲನ್ನು ಬೇರೆಡೆ ಕಳೆಯಬೇಕು.

ಬಂಡೆಗಳ ಮಾತೆಯ ದ್ವೀಪ

ಕೊತೊರಿನಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಪೆರಾಸ್ಟ್ ಎಂಬ ಊರಿದೆ. ಇರುವುದು ಒಂದೇ ಉದ್ದನೆಯ ಬೀದಿ. ಆದರೂ ಒಂದು ಕಾಲದಲ್ಲಿ ಇದು ನಾವಿಕರ ತವರು. ರಷ್ಯದ ಚಕ್ರವರ್ತಿ ಪೀಟರ್ ತನ್ನ ಸರದಾರರ ಮಕ್ಕಳನ್ನು ನೌಕಾವಿದ್ಯೆ ಕಲಿಯಲು 17ನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಕಳಿಸಿದ್ದ. ಊರಿನೆದುರು ನೀರಿನಲ್ಲಿ ಎರಡು ಪುಟ್ಟ ದ್ವೀಪಗಳು. ಒಂದು ದೇವರು ಮಾಡಿದ್ದು. ಇನ್ನೊಂದು ಮನುಷ್ಯರು ಮಾಡಿದ್ದು.

1452ರ ಜುಲೈ 22ರಂದು ನಾವಿಕರಿಗೆ ನೀರಿನ ನಡುವಣ ಬಂಡೆಯೊಂದರ ಮೇಲೆ ಮೇರಿಮಾತೆಯ ಚಿತ್ರಪಟ ದೊರೆಯಿತಂತೆ. ಅಂದಿನಿಂದ ಊರವರು ಆ ಬಂಡೆಯ ಸುತ್ತ ಕಲ್ಲು ತಂದು ಹಾಕಿ, ಕಲ್ಲು ತುಂಬಿದ ಹಳೆಯ ಹಡಗುಗಳನ್ನು ಮುಳುಗಿಸಿ, ದ್ವೀಪವನ್ನೇ ಕಟ್ಟಿ ಮೇಲೊಂದು ಚರ್ಚು ನಿಲ್ಲಿಸಿದರು. ಇಂದಿಗೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳು ಸಾಲಾಗಿ ಹೋಗಿ ಅಲ್ಲಿ ಕಲ್ಲು ಹಾಕಿ ಬರುತ್ತವೆ. ಪೆರಾಸ್ಟಿನಿಂದ ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ.

ಈ ದ್ವೀಪವನ್ನು ಯೋಜನೆಯಲ್ಲಿ ಸೇರಿಸಲೋ ಬಿಡಲೋ ಎಂದು ನಾನು ಊರಲ್ಲಿದ್ದಾಗಲೇ ಬಹಳ ದಿನ ತೊಳಲಾಡಿದ್ದೆ. ಅದಕ್ಕೆ ಕಾರಣ ಅಲ್ಲಿರುವ ಒಂದು ಕಸೂತಿ. ಪೆರಾಸ್ಟಿನ ಯಾಸಿಂತಾ ಕೂನಿಚ್-ಮಿಯೋವಿಚ್ ಎಂಬ ಮಹಿಳೆ ಇಪ್ಪತ್ತೈದು ವರ್ಷ ಕುಳಿತು ಹೆಣೆದ ಮೇರಿಮಾತೆಯ ಚಿತ್ರ ಅದು. ಬೆಳ್ಳಿ ಬಂಗಾರದ ಎಳೆಗಳ ಜೊತೆಗೆ ಆಕೆ ತನ್ನ ತಲೆಗೂದಲನ್ನೇ ಎಳೆಯಾಗಿ ಬಳಸಿದ್ದಾಳೆ. ದೂರ ಸಮುದ್ರಕ್ಕೆ ಹೋದ ತನ್ನವನ ದಾರಿ ಕಾಯುತ್ತ ಹೆಣೆದಳು, ವರ್ಷಗಳು ಉರುಳಿದಂತೆ ಎಳೆಗೂದಲಿನ ಬಣ್ಣ ನರೆಯುತ್ತ ಬಂದಿತು, ಕೊನೆಗೆ ಆಕೆಯ ಕಣ್ಣು ಹೋದವು ಎಂದು ಅಲ್ಲಿ ಕಥೆ ಹೇಳುತ್ತಾರೆ. ಕಸೂತಿಗಾರ್ತಿಯಾದ ಅವ್ವನಿಗೆ ಇದಕ್ಕಿಂತ ಹೆಚ್ಚಿನ ನೋಟ ಯುರೋಪಿನಲ್ಲಿ ಇನ್ನಾವುದಿದ್ದೀತು? ಆದರೆ ಕಣ್ಣು ಮಂಜಾಗುತ್ತಿರುವ ಅವ್ವನಿಗೆ ಆ ಕಥೆಯ ಕೊನೆಯನ್ನು ಹೇಳುವ ಬಾಯಿ ಯಾರಿಗಿದೆ? ನನ್ನ ಮನೆಯವರು, “ಹೇಳದೆ ಕರೆದುಕೊಂಡು ಹೋಗುವುದು ಬೇಡ. ಅವರೇನು ಕೂಸಲ್ಲ” ಎಂದರು. ನಾನು ಮಾತ್ರ ಹೇಳಲಿಲ್ಲ.

ಬೆಳಿಗ್ಗೆ ಮೊದಲ ದೋಣಿಗೇ ಹೋದೆವು. ಮಂದ ಬೆಳಕಿನಲ್ಲಿ ಅವ್ವನಿಗೆ ಕಾಣುವುದು ಕಷ್ಟವೆಂದು ವಿಚಾರಿಸಿಯೇ ಆ ವೇಳೆಯನ್ನು ಆರಿಸಿದ್ದೆ. ಅಗಲವಾದ ದೃಶ್ಯ ಅವಳಿಗೆ ಪೂರ್ತಿ ದಕ್ಕದು. ಆದರೆ ನೇರ ಎದುರಿಗಿರುವ ಸಣ್ಣ ವಸ್ತುವನ್ನು ಇನ್ನೂ ಚೆನ್ನಾಗಿ ಕಾಣಬಲ್ಲಳು. ಹಡಗುಗಳ ಚಿತ್ರ ಕೊರೆದ ಬೆಳ್ಳಿಯ ಹರಕೆಯ ತಗಡುಗಳು ಗೋಡೆಯುದ್ದಕ್ಕೂ ಇದ್ದವು. ಅವನ್ನು ದಾಟಿ ಕಸೂತಿಯ ಮುಂದೆ ನಿಂತ ಅವ್ವ ಅಲ್ಲಿಂದ ಕದಲಲಿಲ್ಲ. ಒಂದು ತಂಡ ಬಂದು ಹೋಯಿತು, ಇನ್ನೊಂದು ಬಂದಿತು. ಎರಡನೆಯ ತಂಡದ ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಕಥೆ ಹೇಳತೊಡಗಿದಳು. ಅವ್ವ, “ಏನಂತ ಹೇಳಾಕತ್ತಾಳ?” ಎಂದು ಮೊಮ್ಮಗಳನ್ನು ಕೇಳಿದಳು. ಮಗಳು ನನ್ನ ಮುಖ ನೋಡಿ, ಆಮೇಲೆ ಎಲ್ಲವನ್ನೂ ಹೇಳಿದಳು, ಕೊನೆಯನ್ನೂ ಹೇಳಿದಳು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಪ್ಪತ್ತೈದು ವರ್ಷಂದ್ರ ಕಣ್ಣು ಹೆಂಗಿದ್ದರೂ ಹೋಗ್ತಿದ್ದುವು ಬಿಡು. ಈಕಿ ಸುಮ್ಮನ ಕೂತು ಕಳಕೊಳ್ಳಲಿಲ್ಲ” ಎಂದಳು. ಬಳಿಕ ನನ್ನ ಕಡೆ ತಿರುಗಿ, “ಇದು ನಿನಗ ಮೊದಲ ಗೊತ್ತಿತ್ತಲ್ಲ? ಅದಕ್ಕ ಮುಂಜಾನೆಯಿಂದ ಮುಖ ಸಣ್ಣದು ಮಾಡಿಕೊಂಡೀದಿ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ವಯಸ್ಸಾದವರನ್ನು ಪ್ರವಾಸಕ್ಕೆ ಕರೆದೊಯ್ಯುವ ನಾವು ಅವರಿಗೆ ಮೆಟ್ಟಿಲು ಎಷ್ಟು, ಚಳಿ ಎಷ್ಟು ಎಂದು ಲೆಕ್ಕ ಹಾಕುವುದು ಸರಿ. ಆದರೆ ಅವರು ಏನನ್ನು ತಾಳಬಲ್ಲರು ಎಂಬುದನ್ನು ಅವರನ್ನೇ ಕೇಳುವುದು ಇನ್ನೂ ಸರಿ ಎಂದು ಅಂದು ನನಗೆ ತಿಳಿಯಿತು.

ಕವಿಯ ಶಿಖರ, ರಾಜನ ಊರು

ಐದನೆಯ ದಿನ ಘಟ್ಟ ಹತ್ತಿದೆವು. ಕೊತೊರಿನಿಂದ ನ್ಯೇಗುಶಿ ಹಳ್ಳಿಗೆ ಏರುವ ಹಳೆಯ ರಸ್ತೆಯಲ್ಲಿ ಇಪ್ಪತ್ತೈದು ಹೇರ್‌ಪಿನ್ ತಿರುವುಗಳು. ನಮ್ಮ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಿಗೆ ಇದು ಅಣ್ಣ. ತಲೆ ಸುತ್ತು ಬರುವವರಿಗೆ 2023ರಲ್ಲಿ ಆರಂಭವಾದ ತೂಗುತೊಟ್ಟಿಲ ಮಾರ್ಗವೂ ಇದೆ. ಹನ್ನೊಂದು ನಿಮಿಷಗಳಲ್ಲಿ ಮೇಲಕ್ಕೆ ಒಯ್ಯುತ್ತದೆ.

ಮೇಲೆ ಲೋವ್ಚೆನ್ ಪರ್ವತ. ಅದರ 1,657 ಮೀಟರ್ ಎತ್ತರದ ಶಿಖರದ ಮೇಲೆ ಈ ನಾಡಿನ ಮಹಾಕವಿ ನ್ಯೇಗೊಶನ ಸಮಾಧಿ ಇದೆ. 1813ರಲ್ಲಿ ಹುಟ್ಟಿ 1851ರಲ್ಲಿ ತೀರಿಕೊಂಡ ಈತ ಏಕಕಾಲಕ್ಕೆ ಧರ್ಮಗುರು, ಅರಸು ಮತ್ತು ಕವಿ. ತಾನೇ ಕಟ್ಟಿಸಿದ ಪುಟ್ಟ ಗುಡಿಯಲ್ಲಿ ತನ್ನನ್ನು ಹೂಳಬೇಕೆಂಬುದು ಅವನ ಬಯಕೆಯಾಗಿತ್ತು. ಮೊದಲ ಮಹಾಯುದ್ಧದಲ್ಲಿ ಆ ಗುಡಿ ಹಾಳಾಯಿತು; 1925ರಲ್ಲಿ ಮತ್ತೆ ಕಟ್ಟಿದರು; ಅದನ್ನೂ ಕೆಡವಿ, ಶಿಲ್ಪಿ ಇವಾನ್ ಮೆಶ್ತ್ರೊವಿಚ್ಚನ ವಿನ್ಯಾಸದಂತೆ ಇಂದಿನ ಭವ್ಯ ಸ್ಮಾರಕವನ್ನು ನಿಲ್ಲಿಸಿ 1974ರಲ್ಲಿ ತೆರೆದರು. ಇದು ಸರಿಯೋ ತಪ್ಪೋ ಎಂಬ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ. 461 ಮೆಟ್ಟಿಲುಗಳನ್ನು ಅವ್ವ ಮೊಮ್ಮಗಳ ಕೈ ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಪೂರ್ತಿ ಹತ್ತಿದಳು. “ಅಷ್ಟೊಂದು ದೊಡ್ಡದು ಅವನಿಗೆ ಬೇಕಾಗಿರಲಿಲ್ಲ” ಎಂಬುದು ಅವಳ ತೀರ್ಪು.

ಬೆಟ್ಟದಾಚೆಯ ತ್ಸೆತಿನ್ಯೆ ಹಳೆಯ ರಾಜಧಾನಿ. ಸ್ಲಾವ್ ಲಿಪಿಯ ಗ್ರಂಥವೊಂದು ಇಲ್ಲಿ 1494ರಲ್ಲಿಯೇ ಅಚ್ಚಾಯಿತು. ಕೊನೆಯ ದೊರೆ ನಿಕೋಲಾ ತನ್ನ ಹೆಣ್ಣುಮಕ್ಕಳಲ್ಲಿ ಹಲವರನ್ನು ಯುರೋಪಿನ ರಾಜಮನೆತನಗಳಿಗೆ ಕೊಟ್ಟು ‘ಯುರೋಪಿನ ಮಾವ’ ಎನಿಸಿಕೊಂಡಿದ್ದ. ಒಬ್ಬಳು ಇಟಲಿಯ ರಾಣಿಯೇ ಆದಳು. ನ್ಯೇಗೊಶನ ವಾಸದ ಮನೆಗೆ ‘ಬಿಲ್ಯಾರ್ಡಾ’ ಎಂದು ಹೆಸರು. ಕವಿ ಆಡುತ್ತಿದ್ದ ಬಿಲಿಯರ್ಡ್ಸ್ ಮೇಜನ್ನು ಆ ಕಾಲದಲ್ಲಿ ಘಟ್ಟ ಹತ್ತಿಸಿ ತಂದದ್ದೇ ಒಂದು ಸಾಹಸವಾಗಿ, ಮನೆಗೆ ಆ ಹೆಸರು ನಿಂತಿತು.

ಸರೋವರ ಮತ್ತು ರೈಲು

ತ್ಸೆತಿನ್ಯೆಯಿಂದ ಇಳಿದರೆ ಸ್ಕಾದರ್ ಸರೋವರ. ಬಾಲ್ಕನ್ ಪ್ರದೇಶದಲ್ಲೆಲ್ಲ ದೊಡ್ಡದು, ಆಲ್ಬೇನಿಯಕ್ಕೂ ಹಂಚಿಹೋಗಿದೆ. ವಿರ್‌ಪಜಾರ್ ಎಂಬ ಪುಟ್ಟ ಊರಿನಿಂದ ದೋಣಿ ಹಿಡಿದು ತಾವರೆಯಂತಹ ಹೂಗಳ ನಡುವೆ ಸುತ್ತಬಹುದು. ಹೆಜ್ಜಾರ್ಲೆಗಳು ಗೂಡು ಕಟ್ಟುವ ತಾಣವಿದು.

ಇಲ್ಲಿಂದ ಉತ್ತರಕ್ಕೆ ಹೋಗಲು ಕಾರಿಗಿಂತ ರೈಲೇ ಲೇಸು. ಬಾರ್ ಬಂದರಿನಿಂದ ಸರ್ಬಿಯದ ಬೆಲ್‌ಗ್ರೇಡಿಗೆ ಹೋಗುವ 476 ಕಿಲೋಮೀಟರ್ ಮಾರ್ಗ 1976ರಲ್ಲಿ ತೆರೆಯಿತು. ಅದರಲ್ಲಿ 254 ಸುರಂಗಗಳು, 435 ಸೇತುವೆಗಳು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿದವರಿಗೆ ಇಂತಹ ಪ್ರಯಾಣದ ಸೊಗಸನ್ನು ಬಣ್ಣಿಸಬೇಕಾಗಿಲ್ಲ. ರೈಲು ಮೊದಲು ಸರೋವರವನ್ನು ಒಡ್ಡಿನ ಮೇಲೆ ದಾಟಿ, ಪೊದ್ಗೋರಿತ್ಸ ಕಳೆದ ಮೇಲೆ ಬೆಟ್ಟ ಹತ್ತುತ್ತ ಮಾಲಾ ರಿಯೇಕಾ ಎಂಬ ಸೇತುವೆಗೆ ಬರುತ್ತದೆ. ಕಣಿವೆಯಿಂದ 198 ಮೀಟರ್ ಎತ್ತರ. 2001ರಲ್ಲಿ ಚೀನದ ಸೇತುವೆಯೊಂದು ಮೀರಿಸುವವರೆಗೆ ಇದೇ ಜಗತ್ತಿನ ಅತ್ಯಂತ ಎತ್ತರದ ರೈಲು ಸೇತುವೆ. ಇಂದು ಆ ಹಿರಿಮೆ 2025ರಲ್ಲಿ ಉದ್ಘಾಟನೆಯಾದ, 359 ಮೀಟರ್ ಎತ್ತರದ ನಮ್ಮ ಚಿನಾಬ್ ಸೇತುವೆಯದು. ಡಬ್ಬಿಯಲ್ಲಿದ್ದ ವೃದ್ಧರೊಬ್ಬರಿಗೆ ಮಗಳು ಇದನ್ನು ಹೇಳಿದಾಗ ಅವರು ಗಂಭೀರವಾಗಿ ತಲೆಯಾಡಿಸಿ, ತಮ್ಮ ಚೀಲದಿಂದ ಅಂಜೂರ ತೆಗೆದು ಕೊಟ್ಟರು.

ಸೇತುವೆಯ ಕಥೆ

ಕೊಲಾಶಿನ್ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿಯಲ್ಲಿ ತಾರಾ ನದಿಯ ಗುಂಟ ಝಾಬ್ಲ್ಯಾಕ್ ಊರಿಗೆ ಹೋದೆವು. ತಾರಾ ಕಂದರದ ಆಳ ಕೆಲವೆಡೆ 1,300 ಮೀಟರ್. ಯುರೋಪಿನಲ್ಲಿ ಇಷ್ಟು ಆಳದ ನದೀಕಂದರ ಬೇರೆ ಇಲ್ಲ. ಅದರ ಮೇಲೆ ಜುರ್ಜೆವಿಚಾ ತಾರಾ ಎಂಬಲ್ಲಿ ಐದು ಕಮಾನುಗಳ ಕಾಂಕ್ರೀಟ್ ಸೇತುವೆಯೊಂದು 172 ಮೀಟರ್ ಎತ್ತರದಲ್ಲಿ ನಿಂತಿದೆ. 1937ರಿಂದ 1940ರವರೆಗೆ ಕಟ್ಟಿದ್ದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ಮುಂದುವರಿಯದಂತೆ ತಡೆಯಲು 1942ರಲ್ಲಿ ಇದರ ಒಂದು ಕಮಾನನ್ನು ಸಿಡಿಸಬೇಕಾಯಿತು. ಸಿಡಿಸಲು ನೆರವಾದವನು, ಈ ಸೇತುವೆಯನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬನಾದ ಲಾಜಾರ್ ಯೌಕೊವಿಚ್. ಎಲ್ಲಿ ಹೊಡೆದರೆ ಉಳಿದ ಸೇತುವೆ ನಿಂತೀತೆಂದು ಅವನಿಗೆ ಗೊತ್ತಿತ್ತು. ಅವನನ್ನು ಹಿಡಿದು ಅದೇ ಸೇತುವೆಯ ಮೇಲೆ ಗುಂಡಿಟ್ಟರು. ಯುದ್ಧ ಮುಗಿದ ಮೇಲೆ 1946ರಲ್ಲಿ ಆ ಕಮಾನನ್ನು ಮತ್ತೆ ಕಟ್ಟಲಾಯಿತು. ಸೇತುವೆಯ ತುದಿಯಲ್ಲಿ ಅವನ ಸ್ಮಾರಕವಿದೆ.

ಝಾಬ್ಲ್ಯಾಕ್ 1,450 ಮೀಟರಿಗೂ ಎತ್ತರದಲ್ಲಿರುವ ಊರು. ಸೆಪ್ಟೆಂಬರಿನಲ್ಲಿಯೂ ರಾತ್ರಿ ಚಳಿ. ಉಣ್ಣೆಯ ಬಟ್ಟೆ ಅಗತ್ಯ. 1980ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ದುರ್ಮಿತೋರ್ ಅರಣ್ಯದಲ್ಲಿ ಹದಿನೆಂಟು ಹಿಮಗಾಲದ ಸರೋವರಗಳಿವೆ. ಅಲ್ಲಿನವರು ಅವನ್ನು ಬೆಟ್ಟದ ಕಣ್ಣುಗಳು ಎಂದು ಕರೆಯುತ್ತಾರೆ. ಕಪ್ಪು ಸರೋವರದ ಸುತ್ತ ಮೂರೂವರೆ ಕಿಲೋಮೀಟರಿನಷ್ಟು ಕಾಲುದಾರಿ ವೃದ್ಧರಿಗೂ ಕಷ್ಟವಲ್ಲ. ನಾವು ಎರಡು ದಿನವೂ ಅಲ್ಲಿಯೇ ಸುತ್ತಿದೆವು. ಬೇರೆಲ್ಲಿಗೂ ಹೋಗಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಓಸ್ತ್ರೋಗ್ ಮಠ. 17ನೆಯ ಶತಮಾನದಲ್ಲಿ ಸಂತ ವಸೀಲಿಯ ನೆಲೆಸಿದ ಈ ಬಿಳಿಯ ಮಠ ಕಡಿದಾದ ಬಂಡೆಯೊಳಗೇ ಹುದುಗಿದೆ. ಭಕ್ತರಲ್ಲಿ ಕೆಲವರು ಬರಿಗಾಲಿನಲ್ಲಿ ಬೆಟ್ಟ ಹತ್ತುತ್ತಾರೆ; ಬೇರೆ ಮತದವರೂ ಹರಕೆ ಹೊತ್ತು ಬರುತ್ತಾರೆ. ಅವ್ವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಚಪ್ಪಲಿ ಬಿಟ್ಟು ನಡೆದಳು.

ಊಟದ ಚಿಂತೆ

ಶಾಕಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಎರಡು ಮಾತು ಕಲಿತಿರಬೇಕು. ‘ಬೆಜ್ ಮೆಸಾ’ ಎಂದರೆ ಮಾಂಸವಿಲ್ಲದೆ. ‘ಪೋಸ್ನೊ’ ಎಂದರೆ ಅವರ ಉಪವಾಸದ ದಿನಗಳ ಊಟ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಮೀನು ಇರಬಹುದು, ಕೇಳಿಕೊಳ್ಳಬೇಕು. ಬೆಟ್ಟದ ನಾಡಿನಲ್ಲಿ ‘ಕಚಾಮಾಕ್’ ಎಂಬುದೊಂದು ದೊರೆಯುತ್ತದೆ. ಗೋವಿನಜೋಳದ ಹಿಟ್ಟನ್ನೂ ಆಲೂಗಡ್ಡೆಯನ್ನೂ ಕುದಿಸಿ, ಕೋಲಿನಿಂದ ತೊಳಸಿ, ಬೆಣ್ಣೆ ಗಿಣ್ಣು ಹಾಕಿ ಕೊಡುತ್ತಾರೆ. ಮುದ್ದೆಯ ನೆಂಟನೆಂದರೂ ಸರಿಯೆ. ಬೆಳಗಿನ ಹೊತ್ತು ‘ಪ್ರಿಗಾನಿತ್ಸೆ’ ಎಂಬ ಕರಿದ ಹಿಟ್ಟಿನ ಉಂಡೆಗಳು ಜೇನಿನೊಡನೆ. ನಮ್ಮ ಚಟ್ನಿಪುಡಿಯ ಡಬ್ಬಿ ಕೊನೆಯ ದಿನದವರೆಗೂ ಬಂದಿತು. ತೀರ ಬೇಕಾದದ್ದು ಎರಡೇ ಸಲ.

ಬಿಟ್ಟುದುದರ ಲೆಕ್ಕ

ನಾವು ನೋಡದೆ ಬಂದುದನ್ನೂ ಹೇಳುವುದು ನ್ಯಾಯ. ಬೂದ್ವಾದ ಕಡಲತೀರಗಳನ್ನು ಬಸ್ಸಿನಿಂದ ಕಂಡೆವು. ಮೀನುಗಾರರ ದ್ವೀಪಗ್ರಾಮವಾಗಿದ್ದು ಬಳಿಕ ಹೋಟೆಲಾಗಿ ಮಾರ್ಪಟ್ಟ ಸ್ವೇತಿ ಸ್ತೆಫಾನನ್ನು ದಡದಿಂದಲೂ ನೋಡಲಾಗಲಿಲ್ಲ. ಆಲ್ಬೇನಿಯನ್ ಮಾತಿನ ಉಲ್ತ್ಸಿನ್ ಪಟ್ಟಣ, ಅದರ ಹನ್ನೆರಡು ಕಿಲೋಮೀಟರ್ ಉದ್ದದ ಮರಳ ದಂಡೆ, ಬಾರ್ ಊರಿನ ಎರಡು ಸಾವಿರ ವರ್ಷಕ್ಕೂ ಹಳೆಯದೆನ್ನುವ ಆಲಿವ್ ಮರ ಎಲ್ಲವೂ ಉಳಿದವು. ಮಕ್ಕಳು ಚಿಕ್ಕವರಿದ್ದು ಸಮುದ್ರ ಸ್ನಾನವೇ ಮುಖ್ಯವಾದ ಸಂಸಾರಗಳು ನಮ್ಮ ಬೆಟ್ಟದ ಮೂರು ರಾತ್ರಿಗಳನ್ನು ಕಳೆದು ಅಲ್ಲಿಗೆ ಕೂಡಿಸಿಕೊಳ್ಳಬಹುದು. ಎಲ್ಲವನ್ನೂ ಒಂದೇ ಸಲಕ್ಕೆ ತುರುಕುವುದು ಮಾತ್ರ ಬೇಡ. ಪ್ರವಾಸದ ಯೋಜನೆಯೆಂದರೆ ಏನನ್ನು ಬಿಡಬೇಕೆಂದು ಮನೆಯವರೆಲ್ಲ ಕೂಡಿ ಕುಳಿತು ಒಪ್ಪಿಕೊಳ್ಳುವುದು.

ಊರಿಗೆ ಬಂದ ಮೇಲೆ ಅವ್ವನ ಕಣ್ಣಿನ ತಪಾಸಣೆಯಾಯಿತು. ಬೇನೆ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಒಂದು ದಿನ ಮಧ್ಯಾಹ್ನ ನಾನು ಕಚೇರಿಯಿಂದ ಬೇಗ ಬಂದಾಗ ಅವಳು ಕಿಟಕಿಯ ಬೆಳಕಿಗೆ ಕುಳಿತಿದ್ದಳು. ಮಡಿಲಲ್ಲಿ ಎರಡು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಇಳಕಲ್ ಸೆರಗು. ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸಿ ಕೊಡುತ್ತ ಮಗಳು. “ಸಣ್ಣ ಎಳಿ ಈಕಿಗೆ ಹೇಳಿಕೊಡತೇನಿ. ದೊಡ್ಡವು ನಾ ಹಾಕತೇನಿ” ಎಂದಳು ಅವ್ವ. ಗೋಪುರದ ಒಂದು ಮಗ್ಗುಲು ಆಗಲೇ ಮುಗಿದಿತ್ತು.